ಎದುರಿಗಿರುವ ಸಾಲು

ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಒಟ್ಟಿಗೆ ಒಡ್ಡುವ ಸವಾಲುಗಳನ್ನು ಕವಿಯೊಬ್ಬರು ಎದುರಿಸುವ ಕಲೆ ಅಷ್ಟಾವಧಾನ. ಅದನ್ನು ನೋಡಲು ಬಂದವರಲ್ಲಿ ಬಹಳ ಮಂದಿ ಕಾದಿರುವುದು ಅಪ್ರಸ್ತುತ ಪ್ರಸಂಗಕ್ಕೆ. ಅವಧಾನಿ ಕಣ್ಣು ಅರೆಮುಚ್ಚಿ ಒಂದು ಪದ್ಯದ ಪಾದ ಹೊಂದಿಸುತ್ತಿರುತ್ತಾರೆ. ಪ್ರಾಸ ಸಿಕ್ಕಿದೆ, ಇನ್ನೊಂದು ಗಣ ಕೂಡಬೇಕು. ಸರಿಯಾಗಿ ಆ ಹೊತ್ತಿಗೆ ವೇದಿಕೆಯ ತುದಿಯಲ್ಲಿ ಕೂತ ಪೃಚ್ಛಕರು ಮೈಕಿಗೆ ಬಾಗಿ, ಹನುಮಂತ ಲಂಕೆಗೆ ಹಾರುವಾಗ ನಡುವೆ ಟೋಲ್‌ಗೇಟ್ ಇದ್ದಿದ್ದರೆ ಏನು ಮಾಡುತ್ತಿದ್ದ ಎಂಬಂಥದ್ದೇನನ್ನೋ ಕೇಳಿಬಿಡುತ್ತಾರೆ. ಸಭೆ ಗೊಳ್ಳೆಂದು ನಗುತ್ತದೆ. ಅವಧಾನಿ ಸಿಡುಕುವಂತಿಲ್ಲ, ಕೇಳಿಸದವರಂತೆ ಕೂರುವಂತಿಲ್ಲ, ಆಮೇಲೆ ನೋಡೋಣ ಎನ್ನುವಂತಿಲ್ಲ. ತಟ್ಟನೆ ಉತ್ತರ ಕೊಡಬೇಕು, ಆ ಉತ್ತರ ಸೊಗಸಾಗಿಯೂ ಇರಬೇಕು, ಕೊಟ್ಟ ಮರುಕ್ಷಣ ಅರ್ಧಕ್ಕೆ ಬಿಟ್ಟ ಗಣಕ್ಕೇ ಮರಳಬೇಕು. ಅತ್ತ ಸಮಸ್ಯಾಪೂರಣದವರು, ದತ್ತಪದಿಯವರು, ಚಿತ್ರಕವಿತೆಯವರು, ಆಶುಕವಿತೆಯವರು ತಮ್ಮ ಸರದಿಗೆ ಕಾದಿರುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಇಂಥ ಮನೆಗೆ ಯಾವ ಅಂಕಿ ಎಂದು ಕೇಳುತ್ತಿರುತ್ತಾರೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ.

ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟ ಶತಾವಧಾನಿ ಆರ್. ಗಣೇಶ್ ಹುಟ್ಟಿದ್ದು ಕೋಲಾರದಲ್ಲಿ, 1962ರಲ್ಲಿ. ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ಅವರು ಮಾಡಿದ್ದಾರೆ, ಕನ್ನಡದಲ್ಲಿ, ಸಂಸ್ಕೃತದಲ್ಲಿ, ತೆಲುಗಿನಲ್ಲಿ. 2012ರ ನವೆಂಬರ್ ಕೊನೆಯಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಮೂರು ದಿನ ನಡೆದ ಪೂರ್ಣ ಕನ್ನಡದ ಶತಾವಧಾನದಲ್ಲಿ ಅವರ ಎದುರಿಗಿದ್ದವರು ನೂರು ಪೃಚ್ಛಕರು. ಆಂಧ್ರದ ಗಡಿಗೆ ಅಂಟಿಕೊಂಡು, ಎರಡು ನುಡಿಗಳಲ್ಲಿ ಬದುಕುವ ಈ ಸೀಮೆಯಿಂದ ಇಂಥ ಕವಿ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ತೆಲುಗಿನಲ್ಲಿ ಅವಧಾನದ ಪರಂಪರೆ ದೊಡ್ಡದು. ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಿನವೂ ಹಾಯುವವರ ನಾಲಿಗೆಗೆ ಆಚೀಚೆ ತಿರುಗುವುದು ಚಿಕ್ಕಂದಿನಿಂದಲೇ ರೂಢಿ.

ಅವಧಾನ ಕಂಡವರು ಸಾಮಾನ್ಯವಾಗಿ ನೆನಪಿನ ಶಕ್ತಿಯನ್ನು ಹೊಗಳಿ ಮನೆಗೆ ಹೋಗುತ್ತಾರೆ. ನೆನಪು ಬೇಕೇ ಬೇಕು. ಆದರೆ ಬೇಡವೆಂದ ಅಕ್ಷರ ಬಿಟ್ಟು ಪದ್ಯ ಕಟ್ಟುವ ನಿಷೇಧಾಕ್ಷರಿಯನ್ನು ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಅವಧಾನಿ 'ಕ' ಎಂದರು ಅನ್ನೋಣ. 'ಮ' ಬೇಡ ಎನ್ನುತ್ತಾರೆ ಪೃಚ್ಛಕರು, ಕಮಲ ಹೋಯಿತು. ಅವಧಾನಿ 'ನ' ಎನ್ನುತ್ತಾರೆ. 'ಕ' ಬೇಡ; ಕನಕವೂ ಹೋಯಿತು. ಅವಧಾನಿ 'ಸು' ಎನ್ನುತ್ತಾರೆ, ಕನಸು ಉಳಿಯುತ್ತದೆ. ಹೀಗೆ ಅಕ್ಷರ ಅಕ್ಷರಕ್ಕೂ ಬಾಗಿಲು ಮುಚ್ಚುತ್ತಾ ಹೋದರೂ ಛಂದಸ್ಸು ಕೆಡಬಾರದು, ಅರ್ಥ ಮುರಿಯಬಾರದು. ಮನೆಯಲ್ಲಿ ಪದ್ಯ ಕಟ್ಟಿಕೊಂಡು ಬಂದವರು ಇಲ್ಲಿ ಎರಡನೇ ಅಕ್ಷರಕ್ಕೇ ಮುಗ್ಗರಿಸುತ್ತಾರೆ. ಕಳೆದುಹೋದ ಕಮಲಕ್ಕಾಗಿ ಒಂದು ಕ್ಷಣ ಮರುಗಿದರೂ ಸಾಕು, ಕನಸು ಹೊಳೆಯುವುದಿಲ್ಲ.

ಇನ್ನೊಂದು ಕ್ರಮವೂ ಇದೆ. ನಿಷೇಧಾಕ್ಷರಿ, ಸಮಸ್ಯೆ, ದತ್ತಪದಿಯಂಥವಕ್ಕೆ ಅವಧಾನಿ ಇಡೀ ಪದ್ಯವನ್ನು ಒಮ್ಮೆಗೇ ಕೊಡುವುದಿಲ್ಲ. ಒಂದು ಸುತ್ತಿಗೆ ಒಬ್ಬರಿಗೆ ಒಂದೇ ಸಾಲು. ಕೊಟ್ಟು ಮುಂದಿನವರ ಕಡೆ ತಿರುಗುತ್ತಾರೆ. ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಪದ್ಯಗಳೂ ಮುಗಿದಿರುತ್ತವೆ, ಕೊನೆಗೆ ಅವನ್ನೆಲ್ಲ ಒಟ್ಟಿಗೆ ಒಪ್ಪಿಸುವ ಧಾರಣೆ. ಎಂಟು ಕಡೆಯಿಂದ ಒತ್ತಡ ಬಿದ್ದಾಗ ಮನಸ್ಸು ಚೆದುರದಿರಲು ಈ ಏರ್ಪಾಡೇ ದೊಡ್ಡ ಆಸರೆ ಎಂದು ನನಗೆ ಅನ್ನಿಸುತ್ತದೆ. ಅಷ್ಟೂ ಪದ್ಯಗಳ ಭಾರ ಯಾರ ತಲೆಗೂ ಹೆಚ್ಚೇ. ಈಗ ಎದುರಿಗಿರುವ ಒಂದು ಸಾಲನ್ನು ಹೊರಲು ಆದೀತು.

ವೇದಿಕೆಯಿಂದ ಇಳಿದು ಊರಿಗೆ ಬರೋಣ. ಸುಗಟೂರು ಕೋಲಾರ ತಾಲ್ಲೂಕಿನ ಒಂದು ಹೋಬಳಿ. ವಿಜಯನಗರದ ಕಾಲದಲ್ಲಿ ಈ ಊರಿನ ಹೆಸರು ಹೊತ್ತ ನಾಡಪ್ರಭುಗಳು ಕೋಲಾರ, ಹೊಸಕೋಟೆಯ ಸೀಮೆಯನ್ನು ಆಳಿದ್ದರು. ಆಗ ಅವರ ಎದುರು ನಿಂತು ಅಹವಾಲು ಹೇಳಿಕೊಂಡವರ ಎದೆ ಎಷ್ಟು ಹೊಡೆದುಕೊಂಡಿತ್ತೋ, ಅದನ್ನು ಯಾವ ಶಾಸನವೂ ಕೆತ್ತಿಲ್ಲ. ಇಂದು ಅಹವಾಲು ಹೇಳುವ ಜಾಗ ಗ್ರಾಮಸಭೆ. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಗೊರಗೊರ ಎನ್ನುವ ಮೈಕು, ಮುಂದಿನ ಸಾಲಿನಲ್ಲಿ ಊರಿನ ದೊಡ್ಡವರು.

ಮಕ್ಕಳಿಗೂ ಇಂಥದ್ದೊಂದು ಸಭೆ ಇದೆ. ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರ್ಕಾರ 2006ರಲ್ಲೇ ಹೇಳಿತು. ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಇದರ ಬಗ್ಗೆ ನಾವು ಇನ್ನಷ್ಟು ಮಾತನಾಡಬೇಕು. ಯಾವ ಹಳ್ಳಿಯ ಸಭೆಯನ್ನಾದರೂ ತೆಗೆದುಕೊಳ್ಳಿ, ಏಳನೇ ತರಗತಿಯ ಹುಡುಗಿಯೊಬ್ಬಳು ಮೇಷ್ಟ್ರು ಬರೆದುಕೊಟ್ಟ ಚೀಟಿ ಹಿಡಿದು ಎದ್ದು ನಿಲ್ಲುತ್ತಾಳೆ. "ಮಾನ್ಯ ಅಧ್ಯಕ್ಷರೇ, ಅಭಿವೃದ್ಧಿ ಅಧಿಕಾರಿಗಳೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎನ್ನುವವರೆಗೆ ಗಾಡಿ ಓಡುತ್ತದೆ. ಆಮೇಲೆ "ಮೂಲಭೂತ ಸೌಕರ್ಯಗಳ ಕೊರತೆಯಿಂದ" ಎಂಬಲ್ಲಿ ನಾಲಿಗೆ ತೊಡರುತ್ತದೆ. ಚೀಟಿ ನಡುಗುತ್ತದೆ. ಹಿಂದಿನಿಂದ ಯಾರೋ ಕಿಸಕ್ಕೆನ್ನುತ್ತಾರೆ. ಆಗ ಅಧಿಕಾರಿ ಒಳ್ಳೆಯವರಾದರೆ, "ಇರಲಿ ಬಿಡಮ್ಮ, ಚೀಟಿ ಮಡಚಿಡು. ಏನಾಗಿದೆ ಸ್ಕೂಲಲ್ಲಿ?" ಎಂದು ಕೇಳುತ್ತಾರೆ. ಹುಡುಗಿ ತಲೆ ಎತ್ತುತ್ತಾಳೆ. "ಟಾಯ್ಲೆಟ್‌ಗೆ ಬಾಗ್ಲೈತೆ ಸಾರ್, ಚಿಲಕ ಇಲ್ಲ. ಒಬ್ರು ಒಳಗೆ ಹೋದ್ರೆ ಇನ್ನೊಬ್ರು ಹೊರಗೆ ಬಾಗ್ಲು ಹಿಡ್ಕೊಂಡು ನಿಂತಿರ್ತೀವಿ."

ಈ ಎರಡನೇ ಮಾತಿನಲ್ಲಿ ತೊಡಕಿಲ್ಲ. ಹುಡುಗಿಯ ಧೈರ್ಯ ಆ ಅರ್ಧ ನಿಮಿಷದಲ್ಲಿ ಹೆಚ್ಚಿತೆಂದಲ್ಲ. ಎದೆ ಆಗಲೂ ಹೊಡೆದುಕೊಳ್ಳುತ್ತಲೇ ಇತ್ತು. ಚೀಟಿಯಲ್ಲಿದ್ದದ್ದು ಇನ್ನೊಬ್ಬರ ವಾಕ್ಯ, ಅದನ್ನು ತಪ್ಪಿಲ್ಲದೆ ದಾಟಿಸುವುದೇ ಕೆಲಸವಾಗಿತ್ತು. ಚಿಲಕ ಇಲ್ಲದ ಬಾಗಿಲನ್ನು ಅವಳು ಕೈಯಾರೆ ಹಿಡಿದು ನಿಂತಿದ್ದಾಳೆ. ಅದನ್ನು ಹೇಳುವಾಗ ಕಣ್ಣ ಮುಂದೆ ಬಾಗಿಲಿದೆ. ಗಣ್ಯರು ಹಿಂದೆ ಸರಿದಿದ್ದಾರೆ.

ಮೈಗೂ ಇಲ್ಲಿ ಪಾಲಿದೆ. ಹೆದರಿಕೆಯಾದಾಗ ಅಡ್ರಿನಲಿನ್ ಏರುತ್ತದೆ, ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಗಿರಕಿ ಹೊಡೆಯುತ್ತದೆ, ದನಿ ಸಣ್ಣಗಾಗುತ್ತದೆ. ಇದು ದೌರ್ಬಲ್ಯವಲ್ಲ, ಓಡಲೋ ಎದುರಿಸಲೋ ಮೈ ಮಾಡಿಕೊಳ್ಳುವ ತಯಾರಿ. ಉಸಿರು ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಬಿಡುವಾಗ ತುಸು ಇಳಿಯುತ್ತದೆ. ಆದ್ದರಿಂದಲೇ ಮಾತು ಶುರು ಮಾಡುವ ಮುಂಚೆ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಿ ಎಂದು ಹಿರಿಯರು ಹೇಳುವುದು ಬರಿಯ ಸಮಾಧಾನದ ಮಾತಲ್ಲ. ಎರಡೂ ಪಾದ ನೆಲಕ್ಕೆ ಊರಿ ನಿಲ್ಲುವುದು, ಮೊದಲ ಮಾತನ್ನು ಎಷ್ಟು ಬೇಕೋ ಅದಕ್ಕಿಂತ ತುಸು ನಿಧಾನವಾಗಿ ಆಡುವುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದು, ಇವು ಯಾರಿಗೂ ಸಾಧ್ಯ. ಆದರೆ ಇಷ್ಟರಿಂದಲೇ ಎಲ್ಲ ಆಗಿಬಿಡುತ್ತದೆಂದು ನಾನು ನಂಬಲಾರೆ. ಉಸಿರು ಹಿಡಿತಕ್ಕೆ ಬಂದ ಮೇಲೂ ಮನಸ್ಸು ಎಲ್ಲಿ ನಿಂತಿದೆ ಎಂಬ ಪ್ರಶ್ನೆ ಉಳಿಯುತ್ತದೆ.

ಈ ಪ್ರಶ್ನೆ ಗಾಂಧೀಜಿಯನ್ನು ನೆನಪಿಗೆ ತರುತ್ತದೆ. 1927ರಲ್ಲಿ ಆರೋಗ್ಯ ಕೆಟ್ಟು ಅವರು ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಬಂದರು. ನಂದಿ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. ಅದು ಈಗ ಸೇರಿರುವ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. 1927ರ ಹೊತ್ತಿಗೆ ಗಾಂಧೀಜಿಯ ಒಂದು ಮಾತಿಗೆ ದೇಶವೇ ಕಿವಿಗೊಡುತ್ತಿತ್ತು. ಅದೇ ಮನುಷ್ಯ ಯುವಕನಾಗಿ ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಗಿರ್ರೆಂದು ತಿರುಗಿ, ಪಾಟಿಸವಾಲಿಗೆ ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟಿದ್ದರು. ಬೇರೆ ವಕೀಲರನ್ನು ನೇಮಿಸಿಕೊಳ್ಳಿ ಎಂದು ಹೇಳಿ, ಪಡೆದ ಮೂವತ್ತು ರೂಪಾಯಿ ಶುಲ್ಕವನ್ನು ಹಿಂದಿರುಗಿಸಿ ಹೊರಬಂದರು. ಇದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಅದಕ್ಕೂ ಮುಂಚೆ ಲಂಡನ್ನಿನ ಸಸ್ಯಾಹಾರಿಗಳ ಕೂಟದಲ್ಲೂ ಬರೆದುಕೊಂಡು ಹೋದದ್ದನ್ನು ಓದಲು ಗಂಟಲು ಬಿಟ್ಟುಕೊಟ್ಟಿರಲಿಲ್ಲ.

ಅವರು ಮೊದಲ ಬಾರಿಗೆ ಸಾರ್ವಜನಿಕವಾಗಿ ಸರಾಗವಾಗಿ ಮಾತನಾಡಿದ್ದು 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ. ಎದುರಿಗೆ ಭಾರತೀಯ ವರ್ತಕರು, ವಿಷಯ ವ್ಯಾಪಾರದಲ್ಲಿ ಸತ್ಯ, ಮತ್ತು ಅಲ್ಲಿನ ನಮ್ಮವರು ಪಡುತ್ತಿದ್ದ ಪಾಡು. ಮುಂಬೈಗೂ ಪ್ರಿಟೋರಿಯಾಕ್ಕೂ ನಡುವೆ ಇದ್ದದ್ದು ಹೆಚ್ಚೆಂದರೆ ಎರಡು ವರ್ಷ. ಅಷ್ಟರಲ್ಲಿ ಗಂಟಲು ಬದಲಾಗಲಿಲ್ಲ. ಮುಂಬೈಯಲ್ಲಿ ಅವರು ತಮ್ಮನ್ನೇ ನೋಡಿಕೊಳ್ಳುತ್ತಿದ್ದರು: ನಾನು ಹೇಗೆ ಕಾಣುತ್ತಿದ್ದೇನೆ, ನನಗೆ ಬರುತ್ತದೋ ಇಲ್ಲವೋ. ಪ್ರಿಟೋರಿಯಾದಲ್ಲಿ ನೋಡುತ್ತಿದ್ದದ್ದು ರೈಲಿನಿಂದ ತಳ್ಳಿಸಿಕೊಂಡವರನ್ನು, ಕಾಲುದಾರಿಯಿಂದ ಇಳಿಸಲ್ಪಟ್ಟವರನ್ನು. ಮಾತಿನ ಅಳುಕು ಪೂರ್ತಿ ಹೋಗಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಆ ಅಳುಕೇ ಮಾತನ್ನು ಅಳೆದು ಆಡಲು ಕಲಿಸಿತೆಂದೂ ಹೇಳುತ್ತಾರೆ. ಅಳುಕನ್ನು ಗೆದ್ದ ಮೇಲೆ ಮಾತನಾಡುತ್ತೇನೆ ಎಂದು ಕೂತಿದ್ದರೆ ಅವರು ಮಾತನಾಡುತ್ತಲೇ ಇರಲಿಲ್ಲ.

ಮಾತಿಗೆ ಇಷ್ಟೂ ಬಿಡುವು ಸಿಗದ ಜಾಗ ಕೋಲಾರದ ಎಪಿಎಂಸಿ ಮಾರುಕಟ್ಟೆ. ಟೊಮೆಟೊ ಕಾಲದಲ್ಲಿ ಬೆಳಗಿನ ಹೊತ್ತು ಅಲ್ಲಿ ಕ್ರೇಟುಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಒಂದು ಬಾಕ್ಸಿಗೆ ಹದಿನೈದು ಕೆ.ಜಿ. ಮಂಡಿಯವರು ರಾಶಿಯಿಂದ ರಾಶಿಗೆ ನಡೆಯುತ್ತ ಹರಾಜು ಕೂಗುತ್ತಾರೆ, ಹೊರರಾಜ್ಯದ ವ್ಯಾಪಾರಿಗಳು ಹಿಂದೆಯೇ ಬರುತ್ತಾರೆ. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಇನ್ನೊಂದು ಸುಗ್ಗಿಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದದ್ದೂ ಉಂಟು. ಕೂಗು ತನ್ನ ರಾಶಿಯ ಮುಂದೆ ಬಂದು ನಿಂತಾಗ ರೈತನಿಗೆ ಸಿಗುವುದು ಕೆಲವೇ ಗಳಿಗೆ. "ಏನ್ ಗೌಡ್ರೆ, ಬಿಡ್ಲಾ?" ಎಂದರೆ ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು. ಸಾಲದ ಕಂತು, ಟೆಂಪೋ ಬಾಡಿಗೆ, ಸಂಜೆಗೆ ಮೆತ್ತಗಾಗುವ ಹಣ್ಣು, ಸಾವಿರ ಅಡಿ ಕೊರೆದರೂ ನೀರು ಬಾರದ ಕೊಳವೆಬಾವಿ, ಎಲ್ಲವೂ ಒಟ್ಟಿಗೆ ತಲೆಗೆ ನುಗ್ಗುವುದು ಆಗಲೇ. ಅಂಥ ಹೊತ್ತಲ್ಲಿ ಅನುಭವಸ್ಥ ರೈತರು ಒಂದು ಕೆಲಸ ಮಾಡುತ್ತಾರೆ. ಬಗ್ಗಿ ಕ್ರೇಟಿನಿಂದ ಒಂದು ಹಣ್ಣು ಎತ್ತಿ, ಒರೆಸಿ, ವ್ಯಾಪಾರಿಯ ಕೈಗೆ ಕೊಡುತ್ತಾರೆ. "ನೋಡಣ್ಣ, ಗಟ್ಟಿ ಐತೆ. ದೂರ ಹೋದ್ರೂ ಕೆಡಲ್ಲ." ಅಷ್ಟೇ. ಸಾಲದ ಮಾತು ಎತ್ತುವುದಿಲ್ಲ, ಬೇಡುವುದಿಲ್ಲ. ಕೆಲವೊಮ್ಮೆ ಬೆಲೆ ಹತ್ತಿಪ್ಪತ್ತು ಏರುತ್ತದೆ, ಎಷ್ಟೋ ಸಲ ಏರುವುದಿಲ್ಲ. ಆದರೆ ಹೇಳಬೇಕಾದದ್ದನ್ನು ಆತ ಹೇಳಿದ್ದಾನೆ, ಅದೂ ತನ್ನ ಹಣ್ಣನ್ನು ಸಾಕ್ಷಿಯಾಗಿ ಇಟ್ಟು.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಯಾರಾದರೂ, ಒತ್ತಡದಲ್ಲಿ ಸ್ಥಿರವಾಗಿ ಮಾತನಾಡುವುದು ಅಭ್ಯಾಸದ ಮಾತು, ಎಲ್ಲರೂ ಕಲಿಯಬಹುದು ಎಂದು ತೀರ್ಮಾನಿಸಿದರೆ ನಾನು ತಡೆಯುತ್ತೇನೆ. ಅವಧಾನಿಯನ್ನು ಕಾಡುವ ಪೃಚ್ಛಕರು ಅವಧಾನಿಯ ಗೆಲುವನ್ನೇ ಬಯಸುವವರು. ಅಡ್ಡಿ ಮಾಡುವುದೂ ರಸಿಕತೆಯ ಒಂದು ಬಗೆ. ಸಾಲು ಕೂಡಿದಾಗ ಮೊದಲು ಚಪ್ಪಾಳೆ ತಟ್ಟುವವರೂ ಅವರೇ. ಎಲ್ಲ ಒತ್ತಡವೂ ಹಾಗಿರುವುದಿಲ್ಲ.

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ವಿಚಾರಣೆಯ ಹಂತ ಬರುವಷ್ಟರಲ್ಲಿ ವರ್ಷಗಳು ಉರುಳಿದವು. ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಮುಂಚೆ ಹೇಳಿದ್ದನ್ನು ಹೇಳಲಿಲ್ಲ. ಕೋರ್ಟಿನ ಭಾಷೆಯಲ್ಲಿ ಪ್ರತಿಕೂಲ ಸಾಕ್ಷಿಗಳಾದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಹೆಣಗಳು ಬಿದ್ದ ಊರಿನಲ್ಲಿ ಕೊಂದವರು ಯಾರು ಎಂಬುದಕ್ಕೆ ಕಾನೂನಿನ ಬಳಿ ಇಂದಿಗೂ ಉತ್ತರವಿಲ್ಲ.

ಆ ಸಾಕ್ಷಿಗಳು ಸ್ಥಿರವಾಗಿ ನಿಲ್ಲಬೇಕಿತ್ತು ಎಂದು ದೂರದಲ್ಲಿ ಕೂತು ಹೇಳುವುದು ಸುಲಭ, ಮತ್ತು ಅನ್ಯಾಯ. ಸಾಕ್ಷಿ ಹೇಳಿದ ಸಂಜೆ ಅವರು ಮರಳಬೇಕಾದದ್ದು ಅದೇ ಊರಿಗೆ, ಕೂಲಿ ಕೇಳಬೇಕಾದದ್ದು ಅದೇ ಹೊಲಗಳಲ್ಲಿ, ಮಕ್ಕಳು ನಡೆಯಬೇಕಾದದ್ದು ಅದೇ ದಾರಿಯಲ್ಲಿ. ಕಣ್ಣ ಮುಂದಿನ ಒಂದು ಸಾಲನ್ನು ಮಾತ್ರ ನೋಡು ಎಂದು ಅವರಿಗೆ ಯಾವ ಬಾಯಿಂದ ಹೇಳುವುದು? ಅವರ ಮುಂದೆ ನಿಜವಾಗಿಯೂ ಇದ್ದದ್ದು ಆರು ವರ್ಷಗಳ ಭಯ. ಮಾತಿನ ಸ್ಥಿರತೆ ಆಡುವವರ ಎದೆಯಲ್ಲಿ ಮಾತ್ರ ಹುಟ್ಟುವುದಿಲ್ಲ, ಸುತ್ತಲಿನವರೂ ಅದನ್ನು ಕಟ್ಟಿಕೊಡಬೇಕು. ಗ್ರಾಮಸಭೆಯಲ್ಲಿ ಚೀಟಿ ಮಡಚಿಡು ಎಂದ ಅಧಿಕಾರಿ ಮಾಡಿದ್ದು ಅದನ್ನೇ. ಕಂಬಾಲಪಲ್ಲಿಯಲ್ಲಿ ಹಾಗೆ ಕಟ್ಟಿಕೊಡಬೇಕಾಗಿದ್ದ ಪೊಲೀಸು, ಸರ್ಕಾರ, ನೆರೆಹೊರೆ, ನಾವು ನೀವು, ಯಾರೂ ಕೊಡಲಿಲ್ಲ.

ಇದರ ನಂತರ ಕೆಲವು ಬದಲಾವಣೆಗಳಾಗಿವೆ. ಸಾಕ್ಷಿಗಳ ರಕ್ಷಣೆಯ ಯೋಜನೆಯೊಂದನ್ನು 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಿ, ಎಲ್ಲ ರಾಜ್ಯಗಳೂ ಪಾಲಿಸಬೇಕೆಂದಿತು. ಬೆದರಿಕೆಯಿದ್ದರೆ ಸಾಕ್ಷಿ ಅರ್ಜಿ ಕೊಡಬಹುದು, ಮನೆಗೆ ಕಾವಲು ಕೇಳಬಹುದು, ಕೋರ್ಟಿನಲ್ಲಿ ಆರೋಪಿಗೆ ಮುಖಾಮುಖಿಯಾಗದಂತೆ ಕೇಳಬಹುದು. ಇದು ಹಳ್ಳಿಯವರೆಗೆ ತಲುಪಬೇಕು. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇಷ್ಟೆಲ್ಲ ಯೋಜನೆಗಳ ಬಣ್ಣದ ಬರಹ ಇರುತ್ತದೆ. ಇದೊಂದೂ ಅಲ್ಲಿ ಇರಬೇಕೆಂದು ನನ್ನ ಆಸೆ.

ಕಟಕಟೆಗೆ ಹೋಗಬೇಕಾದವರಿಗೆ ಕಾನೂನಿನೊಳಗೇ ಇರುವ ಇನ್ನೊಂದೆರಡು ಊರುಗೋಲುಗಳನ್ನೂ ಹೇಳಬೇಕು. ಸಾಕ್ಷ್ಯದ ಕಾನೂನು 1872ರಿಂದಲೂ ಕೇಳುವುದು ಒಂದನ್ನೇ. ಕಣ್ಣಿಗೆ ಕಂಡ ಸಂಗತಿಯಾದರೆ ಕಂಡವರು ಹೇಳಲಿ, ಕಿವಿಗೆ ಬಿದ್ದದ್ದಾದರೆ ಕೇಳಿದವರು ಹೇಳಲಿ. ಈಗ ಆ ಕಾನೂನಿನ ಹೆಸರು ಬದಲಾದರೂ ಈ ನಿಯಮ ಬದಲಾಗಿಲ್ಲ. ಅಂದರೆ ಇಡೀ ಮೊಕದ್ದಮೆಯನ್ನು ಗೆಲ್ಲಿಸುವ ಹೊಣೆ ಸಾಕ್ಷಿಯದ್ದಲ್ಲ. ಬೇರೆಯವರು ಏನು ಹೇಳಿದರು, ಇದರಿಂದ ಯಾರಿಗೆ ಏನಾಗುತ್ತದೆ, ವಕೀಲರು ಮುಂದೆ ಯಾವ ಬಲೆ ಬೀಸುತ್ತಾರೆ, ಇವುಗಳ ಲೆಕ್ಕ ಸಾಕ್ಷಿ ಇಡಬೇಕಾಗಿಲ್ಲ. ಪಾಟಿಸವಾಲಿನಲ್ಲಿ ವಕೀಲರು ಮೂರು ಪ್ರಶ್ನೆಗಳನ್ನು ಒಂದರಲ್ಲಿ ಹೊಸೆದು ಕೇಳಿದರೆ, "ಒಂದೊಂದಾಗಿ ಕೇಳಿ ಸ್ವಾಮಿ" ಎನ್ನಬಹುದು. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಬಹುದು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದರೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ನೆನಪಿಲ್ಲದ್ದನ್ನು ಊಹಿಸಿ ತುಂಬಿದರೆ ಮಾತ್ರ ವಕೀಲರು ಅದೇ ಎಳೆ ಹಿಡಿದು ಜಗ್ಗುತ್ತಾರೆ.

ಈ ಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳ ಮಾತು ತೆಲುಗು. ಸಂತೆಯಲ್ಲಿ, ಶಾಲೆಯಲ್ಲಿ, ಪಂಚಾಯಿತಿಯಲ್ಲಿ ಕನ್ನಡ ಸಲೀಸಾಗಿ ಬರುತ್ತದೆ. ಆದರೆ ಭಯವಾದಾಗ, ದುಃಖ ಉಕ್ಕಿದಾಗ, ಬೆವರುತ್ತ ನಿಂತಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತು. ಅದನ್ನು ನುಂಗಿಕೊಂಡು ಕನ್ನಡದಲ್ಲೇ ಹೇಳಬೇಕೆಂದು ಒದ್ದಾಡುವವರನ್ನು ನೋಡಿದರೆ ಸಂಕಟವಾಗುತ್ತದೆ. ಅವರ ಎದುರು ಕೂತ ಕನ್ನಡದವರು, ನನ್ನಂಥವರೂ ಸೇರಿ, ಆಗ ಹೇಳಬೇಕಾದದ್ದು ಒಂದೇ: ನಿಮ್ಮ ಮಾತಲ್ಲೇ ಹೇಳಿ, ನಾವು ತಿಳಿದುಕೊಳ್ಳುತ್ತೇವೆ. ಕನ್ನಡದ ಮೇಲಿನ ಪ್ರೀತಿಗೆ ಇದರಿಂದ ಕೊರತೆಯೇನೂ ಬರುವುದಿಲ್ಲ.

ಕಾನೂನು ಇದನ್ನು ಮೊದಲೇ ಯೋಚಿಸಿದೆ. 1973ರ ಅಪರಾಧ ಪ್ರಕ್ರಿಯಾ ಸಂಹಿತೆಯ 278ನೇ ಕಲಂ ಪ್ರಕಾರ, ಸಾಕ್ಷಿ ಹೇಳಿದ್ದನ್ನು ಬರೆದುಕೊಂಡ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು. ಅವಧಾನದ ಕೊನೆಯ ಧಾರಣೆಯಲ್ಲಿ ಕೊಟ್ಟ ಸಾಲುಗಳೆಲ್ಲ ಮತ್ತೆ ಕಿವಿಗೆ ಬೀಳುವ ಹಾಗೆ ಇಲ್ಲೂ ತಾನು ಆಡಿದ್ದು ಇನ್ನೊಮ್ಮೆ ಕೇಳಲು ಸಿಗುತ್ತದೆ, ಬೇರೊಬ್ಬರ ದನಿಯಲ್ಲಿ. ಆಗ ಸಾಕ್ಷಿ, "ಇದನ್ನ ನಾನು ಹೀಗೆ ಹೇಳಲಿಲ್ಲ" ಎಂದರೆ ನ್ಯಾಯಾಧೀಶರು ತಿದ್ದಬಹುದು, ತಿದ್ದದಿದ್ದರೂ ಆಕ್ಷೇಪವನ್ನು ಬರೆದಿಟ್ಟುಕೊಳ್ಳಬೇಕು. ಸಾಕ್ಷಿ ಆಡಿದ ಮಾತು ಒಂದು, ಬರೆದುಕೊಂಡ ಭಾಷೆ ಇನ್ನೊಂದು, ಅದು ಸಾಕ್ಷಿಗೆ ತಿಳಿಯದು ಎಂದಾದರೆ, ತನಗೆ ತಿಳಿಯುವ ಭಾಷೆಯಲ್ಲಿ ಅನುವಾದಿಸಿ ಹೇಳಿ ಎಂದು ಕೇಳುವ ಹಕ್ಕೂ ಇದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಕೆಲಸದ ಗಡಿಬಿಡಿಯಲ್ಲಿ ಓದದೆಯೇ ಸಹಿ ಹಾಕಿಸಿಕೊಂಡರೆ, ಪೆನ್ನು ಹಿಡಿಯುವ ಮುಂಚೆ ಸಾಕ್ಷಿಯೇ ಬಾಯಿಬಿಟ್ಟು ಕೇಳಬೇಕು: "ಓದಿ ಹೇಳಿ ಸ್ವಾಮಿ, ಕೇಳಿಸಿಕೊಂಡು ಹಾಕ್ತೀನಿ."